ಫಕೀರಪ್ಪ ನೊಣ ಹೊಡೆಯುತ್ತಿಲ್ಲ

ಬೆಳಕು ಹರಿಯುವ ಮೊದಲೇ ಫಕೀರಪ್ಪ ಮೆಸ್ಸಿನ ದೀಪ ಹಾಕುತ್ತಾರೆ. ಕುವೈತಿನ ಫಹಾಹೀಲ್ ಪಟ್ಟಣದ ಹೊರಗಿನ ಈ ಲೇಬರ್ ಕ್ಯಾಂಪಿನಲ್ಲಿ ಉಳಿದವರಿಗಿನ್ನೂ ನಿದ್ದೆ. ಕಿಟಕಿಗೆ, ಕಸದ ಡ್ರಮ್ಮಿನ ಮೇಲೆ ತೂಗುಬಿಟ್ಟ ಹಳದಿ ಅಂಟುಹಾಳೆಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಅಂಟಿದ ನೊಣಗಳಲ್ಲಿ ಕೆಲವು ಇನ್ನೂ ಗುಂಯ್‌ಗುಡುತ್ತಿವೆ. ಚೀಲಕ್ಕೆ ತುರುಕಿ, ಬಾಯಿ ಬಿಗಿದು, ಹೊರಗೆ ಹಾಕಿ ಬರುತ್ತಾರೆ. ಜನ ನಾಷ್ಟಾಕ್ಕೆ ಬರುವಷ್ಟರಲ್ಲಿ ಒಂದು ಹಾಳೆಯೂ ಕಣ್ಣಿಗೆ ಬೀಳಬಾರದು. ತಲೆಯ ಮೇಲೆ ಸತ್ತ ನೊಣ ತೂಗಾಡುತ್ತಿದ್ದರೆ ಯಾರಿಗೆ ತುತ್ತು ಇಳಿದೀತು?

ಗದಗ ಕಡೆಯ ಇವರು ಕುವೈತಿಗೆ ಬಂದದ್ದು ಪೈಪ್ ಫಿಟ್ಟರ್ ಆಗಿ. ಪೈಪಿನ ಸಂದಿಗೆ ಸಿಕ್ಕಿ ಬಲಗೈ ಬೆರಳುಗಳು ಹೋದ ಮೇಲೆ ಕಂಪನಿ ಮೆಸ್ಸಿಗೆ ತಳ್ಳಿತು. ಆ ವರ್ಷ ಕ್ಯಾಂಪಿನಲ್ಲಿ ವಾಂತಿಭೇದಿ. ಎದುರು ಮಂಚದ ಸಿರಾಜುದ್ದೀನ್ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅನ್ನಕ್ಕೆ ನೊಣ ಮುತ್ತುವುದನ್ನು ಎಲ್ಲರೂ ನೋಡಿದ್ದರು, ಕೈಬೀಸಿ ಉಂಡಿದ್ದರು.

"ಸ್ಪ್ರೇ ಹೊಡದ್ರ ಅನ್ನದಾಗ ಬೀಳ್ತೈತ್ರಿ. ಅದಕ್ಕ ಅಂಟು ಕಾಸಿದೆ" ಎನ್ನುತ್ತಾರೆ ಫಕೀರಪ್ಪ. ಹರಳೆಣ್ಣೆಯಲ್ಲಿ ರಾಳ ಕರಗಿಸಬೇಕು. ಬಿಸಾಡಿದ ಹಳದಿ ಪ್ಲಾಸ್ಟಿಕ್ ಕ್ಯಾನನ್ನು ಹಾಳೆಯಾಗಿ ಕತ್ತರಿಸಿ, ಅದಕ್ಕೆ ಈ ಅಂಟು ಸವರಿ, ನಡುವೆ ಒಂದಿಷ್ಟು ಬೆಲ್ಲದ ಪಾಕ ಇಟ್ಟರಾಯಿತು. ಖರ್ಚು ಒಂದು ಚಹಾದಷ್ಟು. ಎಲ್ಲವೂ ಎಡಗೈಯಲ್ಲೇ.

ಎಡವಟ್ಟಾದದ್ದು ಒಂದು ಮಾತಿನಿಂದ. ಈಗೇನು ಕೆಲಸವೆಂದು ಹೆಂಡತಿ ಬಾಳಕ್ಕ ಫೋನಿನಲ್ಲಿ ಕೇಳಿದಾಗ ಇವರು ಇದ್ದದ್ದನ್ನೇ ಹೇಳಿದರು: "ನೊಣಾ ಹೊಡ್ಯಾಕತ್ತೀನಿ." ಬೆರಳಿಲ್ಲದ ಗಂಡ ಕೆಲಸ ಕಳಕೊಂಡು ಸುಮ್ಮನೆ ಕೂತಿದ್ದಾನೆಂದು ಆಕೆ ಅತ್ತುಬಿಟ್ಟರು. ಹಾಳೆಯ ಫೋಟೊ ಕಳಿಸಿದರೂ ನಂಬಲಿಲ್ಲ. ಪಗಾರ ಕೊಟ್ಟು ನೊಣ ಹೊಡೆಸುವವರು ಯಾವ ದೇಶದಲ್ಲಿದ್ದಾರೆ ಎಂದರಂತೆ. ಇವರು ಕಳಿಸುವ ದುಡ್ಡು ಸಾಲದ್ದೆಂದು ತಿಳಿದು, ಆಕೆ ಈಗ ಮೊಣಕಾಲು ನೋವಿನಲ್ಲೇ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಾರೆ. ಅದನ್ನು ಹೇಳುವಾಗ ಫಕೀರಪ್ಪ ಮುಖ ತಿರುಗಿಸುತ್ತಾರೆ.

ಇತ್ತ ಬಾಳಕ್ಕ ತಪ್ಪಾಗಿ ತಿಳಿದದ್ದೇ ನಿಜವಾಗುವ ಹಾಗಿದೆ. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯುತ್ತ ಬಂದಿದೆ, ಹೊಸದು ಮಾಡಿಸಲು ಕಂಪನಿಗೆ ಮನಸ್ಸಿಲ್ಲ. ಕ್ಯಾಂಪ್ ನೋಡಿಕೊಳ್ಳುವ ಮಂಗಳೂರಿನ ಫೈಝಲ್‌ಗೆ ಇವರ ಮೇಲೆ ಕನಿಕರವಿದೆ. "ಮೆಸ್ಸಲ್ಲಿ ಒಂದು ನೊಣ ಇಲ್ಲ, ಮತ್ತೆ ಅದಕ್ಕೊಂದು ಜನ ಎಂತಕ್ಕೆ ಅಂತ ಮೇಲಿನವರು ಕೇಳ್ತಾರೆ ಮಾರಾಯ್ರೆ. ನಾಲ್ಕು ದಿನ ಹಾಳೆ ಹಾಕ್ಬೇಡಿ. ನೀವು ಎಂತಕ್ಕೆ ಬೇಕು ಅಂತ ಅವರಿಗೇ ಗೊತ್ತಾಗ್ಲಿ" ಎಂದು ಉಪಾಯ ಹೇಳಿಕೊಟ್ಟಿದ್ದಾರೆ.

ಫಕೀರಪ್ಪ ಒಪ್ಪಿಲ್ಲ. ಸಿರಾಜುದ್ದೀನ್ ಮಲಗುತ್ತಿದ್ದ ಮಂಚಕ್ಕೆ ಹೊಸಬರು ಬಂದಿದ್ದಾರೆ. "ಅವ್ರೂ ಅದ ಅನ್ನಾನ ಉಣ್ತಾರಲ್ರಿ" ಎಂದಷ್ಟೇ ಹೇಳಿ, ಸಂಜೆಗೆ ಬೇಕಾದ ಹಾಳೆಗಳಿಗೆ ಅಂಟು ಸವರತೊಡಗುತ್ತಾರೆ.

ಇದೆಲ್ಲ ನಮ್ಮ ಪತ್ರಿಕೆಯಲ್ಲಿ ಬರುತ್ತದೆ ಎಂದು ಹೇಳಿದಾಗ ಮಾತ್ರ ಅವರ ಕೈ ನಿಲ್ಲುತ್ತದೆ. "ನಮ್ಮಾಕಿ ಯಾರ ಕಡಿಂದರ ಓದಿಸಿ ಕೇಳ್ತಾಳ್ರಿ. ನೊಣಾ ಹೊಡಿತಾನ ಅಂತ ಬರೀಬ್ಯಾಡ್ರಿ. ದುಡಿತಾನ ಅಂತ ಬರೀರಿ."