ತಲೆಕೆಳಗಾದ ಜೀಪು

ಯಲಹಂಕದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ ಪ್ರೊಜೆಕ್ಟರ್ ಹಾಕಿದ ಕೂಡಲೇ ಡಸ್ಟರನ್ನು ಮೇಜಿಗೆ ಬಡಿಯುತ್ತಿದ್ದರು. ಸೀಮೆಸುಣ್ಣದ ಪುಡಿ ಹಾರಿ, ಬೆಳಕು ಹೋಗುವ ದಾರಿ ಗಾಳಿಯಲ್ಲೇ ಕಾಣುತ್ತಿತ್ತು. "ನಾನ್ ಹೇಳ್ದೆ ಅಂತ ನಂಬ್ಬೇಡಿ, ನೋಡಿ" ಎನ್ನುತ್ತಿದ್ದರು. ಮುಂದಿನ ಬೆಂಚಿನವರು ಸೀನುತ್ತಾ ನೋಡುತ್ತಿದ್ದೆವು.

ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ ಪ್ರಿನ್ಸಿಪಾಲರ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸ್ಕ್ರೀನಿನ ಮೇಲೆ ಸೂಜಿರಂಧ್ರ ಕ್ಯಾಮೆರಾದ ಸ್ಲೈಡ್ ಬಂತು. ಪುಟ್ಟ ತೂತಿನ ಆಚೆ ಮರ, ಈಚೆ ಅದರ ಬಿಂಬ. ಎರಡೂ ನೆಟ್ಟಗೆ ನಿಂತಿದ್ದವು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಬಿಂಬ ತಲೆಕೆಳಗಾಗಿರ್ಬೇಕಲ್ವಾ?"

ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು. ಮೇಡಂ ಪ್ರೊಜೆಕ್ಟರ್ ಆರಿಸಿದರು. ಕಿಟಕಿಯ ಕಪ್ಪು ಪರದೆಯಲ್ಲಿ ಒಂದು ತೂತಿತ್ತು. ಅದನ್ನು ಹೊಲಿಯಲು ಅವರು ಯಾರನ್ನೂ ಬಿಟ್ಟಿರಲಿಲ್ಲ. ಕತ್ತಲಾದ ಕೋಣೆಯಲ್ಲಿ ಎದುರು ಗೋಡೆಯ ಮೇಲೆ ಹೊರಗಿನ ಅಂಗಳ ಮಸುಕಾಗಿ ಮೂಡಿತು. ಬಿಳಿ ಜೀಪೊಂದು ಚಕ್ರ ಮೇಲೆ ಮಾಡಿಕೊಂಡು ನಿಂತಿತ್ತು. ಅಧಿಕಾರಿ ಎದ್ದು ಗೋಡೆಯ ಹತ್ತಿರ ಹೋಗಿ, "ಇದು ನಮ್ ಗಾಡೀನೇ ಅಲ್ವೇನ್ರೀ" ಎಂದರು.

"ಆ ಸ್ಲೈಡ್ ತಿದ್ದೋದಿಲ್ವಾ ಮೇಡಂ?" ಎಂದು ಆಮೇಲೆ ಕೇಳಿದೆ.

"ಯಾರಾದ್ರೂ ಹೇಳ್ಲಿ ಅಂತ ಮೂರು ವರ್ಷದಿಂದ ಕಾಯ್ತಿದ್ದೆ ಕಣೇ" ಎಂದು ನಕ್ಕರು.

ಈಗ ಯಲಹಂಕದ ಪಕ್ಕದ ಕೋಗಿಲಿನ ಶಾಲೆಯೊಂದರಲ್ಲಿ ನಾನೇ ಬೆಳಕಿನ ಪಾಠ ಮಾಡುತ್ತೇನೆ. ಅವರು ಕೊಟ್ಟ ಆ ಸ್ಲೈಡ್ ನನ್ನ ಪೆನ್‌ಡ್ರೈವಿನಲ್ಲಿದೆ, ತಿದ್ದಿಲ್ಲ. ನಿನ್ನೆ ತೋರಿಸಿದೆ. ಇಡೀ ತರಗತಿ ತಲೆ ತಗ್ಗಿಸಿ, ಸ್ಕೇಲಿಟ್ಟು, ಆ ನೆಟ್ಟಗಿನ ಬಿಂಬವನ್ನು ಅಂದವಾಗಿ ಬರೆದುಕೊಂಡಿತು. ನಾನು ಡಸ್ಟರ್ ಎತ್ತಿಕೊಂಡೆ.