ಒಳಗಿಂದ ತೆರೆಯದ ವಿಳಾಸ

ನಿನ್ನೆ ಹಳೆಯ ರೂಟರ್ ಬಿಚ್ಚಿ ಹೊಸದನ್ನು ಕೂರಿಸಿದೆ. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಹೊಡೆದದ್ದೇ ತಡ, ಎರ್ನಾಕುಲಂನ ನಮ್ಮ ಬಾಡಿಗೆ ಮನೆ ನೆನಪಾಯಿತು. ಅಲ್ಲಿ ಮಂಚದ ಕೆಳಗೆ ನಾನೊಂದು ಸರ್ವರ್ ಸಾಕಿದ್ದೆ. ಸರ್ವರ್ ಎಂದರೆ ಹೆದರಬೇಡಿ, ಯಾರೋ ಬೇಡವೆಂದ ಹಳೆ ಕಂಪ್ಯೂಟರ್. ಪಾಲಾರಿವಟ್ಟಂನ ಆಫೀಸಿನಲ್ಲಿ ಬೇರೆಯವರ ಯಂತ್ರ ನೋಡಿಕೊಳ್ಳುವವನಿಗೆ ಮನೆಯಲ್ಲಿ ಸ್ವಂತದ್ದೊಂದು ಇರಲಿ ಎಂಬ ಜಂಬ.

ಅದಕ್ಕೊಂದು ಕೆಲಸ ಕೊಟ್ಟವಳು ಅಮ್ಮ. ಅಕ್ಕ ತಿರುವನಂತಪುರದ ಪಟ್ಟಂನಲ್ಲಿದ್ದಳು. ಭಾವನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. ಅವರ ಮಗಳು ಮೀನುವಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮಾತ್ರ ಮಲಯಾಳಂ. ನನ್ನ ಜೊತೆಗಿದ್ದ ಅಮ್ಮ, ನಾನು ಆಫೀಸಿಗೆ ಹೋದ ಮೇಲೆ ಮೈಕಿನ ಮುಂದೆ ಕೂತು, ತನ್ನ ಅಮ್ಮನಿಂದ ಕೇಳಿದ ಕಥೆಗಳನ್ನು ಮೊಮ್ಮಗಳಿಗೆ ಹೇಳುತ್ತಿದ್ದಳು. ಕೆಂಪು ಗುಂಡಿ ಒತ್ತಿದರಾಯಿತು, ಧ್ವನಿ ತಾನಾಗಿ ಸರ್ವರಿಗೆ ಸೇರುತ್ತಿತ್ತು. ಮೀನು ಅಲ್ಲಿಂದ ಇಂಟರ್ನೆಟ್ಟಿನಲ್ಲಿ ನಮ್ಮ ಸರ್ವರಿನ ವಿಳಾಸ ಹೊಡೆದು ಕೇಳಿ, ಫೋನ್ ಮಾಡುತ್ತಿದ್ದಳು: "ಅಜ್ಜೀ, ಬಾಕ್ಕಿ ಎವಿಡೆ?" ಉಳಿದದ್ದೆಲ್ಲಿ ಎಂದು. ಅಮ್ಮನಿಗೆ ಅಷ್ಟು ಮಲಯಾಳಂ ಸಾಕಾಗಿತ್ತು.

ಒಂದು ಭಾನುವಾರ ಅಮ್ಮ, "ಮೀನು ಕೇಳೋ ಹಾಗೇ ನಂಗೂ ಕೇಳಿಸೋ" ಎಂದಳು. ಠೀವಿಯಿಂದ ವಿಳಾಸ ಹೊಡೆದೆ. ತೆರೆಯಲಿಲ್ಲ. ಮತ್ತೆ ಹೊಡೆದೆ.

"ಹಾಗಾದ್ರೆ ಈ ವಾರ ನಾನು ಹೇಳಿದ್ದೆಲ್ಲ ಗೋಡೆಗೇನೋ?"

ಅವಳ ಮುಖ ಸಣ್ಣದಾದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಅಲ್ಲಿ ತೆರೆಯುತ್ತಿದೆಯೇ ಎಂದು ಅಕ್ಕನಿಗೊಂದು ಫೋನ್ ಮಾಡಿ ಕೇಳಬಹುದಿತ್ತು. ಎಲ್ಲ ಬಲ್ಲೆನೆಂಬ ಅಹಂಕಾರ ಬಿಡಬೇಕಲ್ಲ! ಸರ್ವರ್ ಕೆಟ್ಟಿದೆ ಎಂದು ತೀರ್ಮಾನಿಸಿ, ಡಿಸ್ಕ್ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿದೆ. ಕಥೆಗಳ ಪ್ರತಿ ಬೇರೆ ಕಡೆ ಇದೆ ಎಂದುಕೊಂಡಿದ್ದೆ. ಇರಲಿಲ್ಲ. ವಿಳಾಸ ಆಗಲೂ ತೆರೆಯಲಿಲ್ಲ.

ಸಂಜೆ ಅಕ್ಕನ ಫೋನ್. "ಬೆಳಿಗ್ಗೆ ತಾನೇ ಮೀನು ಕೇಳ್ತಿದ್ಲು, ಈಗ ಒಂದೂ ಇಲ್ವಲ್ಲೋ. ಏನ್ಮಾಡ್ದೆ?"

ಸರ್ವರಿಗೆ ಏನೂ ಆಗಿರಲಿಲ್ಲ, ನೋಡಿ. ಹೊರಗಿನವರು ಆ ವಿಳಾಸ ಕೇಳಿದರೆ ರೂಟರ್ ಒಳಗೆ ಬಿಡುತ್ತಿತ್ತು. ಮನೆಯೊಳಗಿನವರೇ ಕೇಳಿದರೆ ತಿರುಗಿಸಿ ಮನೆಯೊಳಕ್ಕೇ ಕಳಿಸುವುದು ಅದಕ್ಕೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂಬುದನ್ನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಅಮ್ಮ ಬೈಯಲಿಲ್ಲ. ಮರುದಿನ ಮತ್ತೆ ಮೈಕಿನ ಮುಂದೆ ಕೂತು ಮೊದಲಿನಿಂದ ಶುರುಮಾಡಿದಳು. ನಾಚಿಕೆಗೆ ನಾನು ಅವನ್ನು ಕೇಳಲೇ ಇಲ್ಲ. ಅವಳು ತೀರಿಕೊಂಡ ಮೇಲೆ ಧೈರ್ಯವೂ ಬರಲಿಲ್ಲ. ಯಂತ್ರ ಬದಲಾದಾಗಲೆಲ್ಲ ಆ ಕಥೆಗಳನ್ನು ಜೋಪಾನವಾಗಿ ದಾಟಿಸಿದೆ, ಅಷ್ಟೇ.

ನಿನ್ನೆ ಹೊಸ ರೂಟರಿನ ದೀಪ ಹತ್ತಿದ ಮೇಲೆ, ಸುಮ್ಮನೆ ಅದೇ ವಿಳಾಸ ಹೊಡೆದೆ. ತೆರೆಯಿತು; ಮನೆಯೊಳಕ್ಕೇ ತಿರುಗಿಸಿ ಕಳಿಸುವುದು ಇದಕ್ಕೆ ಗೊತ್ತಿತ್ತು. ಮೊದಲ ಕಥೆಯನ್ನು ಒತ್ತಿದೆ.

"ಮೀನೂ, ನಿಮ್ಮಾಮ ಎಲ್ಲಾ ಅಳಿಸಿಹಾಕ್ದ. ಅವನ್ನ ಬೈಬೇಡ ಕಣೇ. ಎರಡನೇ ಸಲ ಹೇಳೋಕೆ ಕೂತಾಗ, ನಮ್ಮಮ್ಮ ಹೇಳಿದ್ದು ಇನ್ನೂ ಒಂದಷ್ಟು ನೆನಪಾಯ್ತು."

ಅಷ್ಟಕ್ಕೇ ನಿಲ್ಲಿಸಿ ಅತ್ತುಬಿಟ್ಟೆ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ತಪ್ಪನ್ನು ಅಮ್ಮ ಮರುದಿನವೇ ಇಳಿಸಿಬಿಟ್ಟಿದ್ದಳು. ಮುಖ ಒರೆಸಿಕೊಂಡು, ಕಥೆಯನ್ನು ಮೊದಲಿನಿಂದ ಹಾಕಿದೆ.