ಉಸಿರು ಹಿಡಿಸುವ ಮುನಿನಾರಾಯಣಪ್ಪ

ಶಿವಾಜಿನಗರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್ ಮುನಿನಾರಾಯಣಪ್ಪನ ಅಪ್ಪಣೆಯಿಲ್ಲದೆ ಯಾರೂ ಉಸಿರು ಬಿಡುವಂತಿಲ್ಲ. ಸಿ.ಟಿ. ಸ್ಕ್ಯಾನ್ ಮಷೀನು ಯಾವಾಗ ಉಸಿರು ಹಿಡಿಯಬೇಕು, ಬಿಡಬೇಕು ಅನ್ನುವುದನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿಕೊಡುತ್ತದೆ. ಅದರ ಬಾಯಿ ಮುಚ್ಚಿಸಿ, ಮೈಕು ಹಿಡಿದು, ಕನ್ನಡ, ತಮಿಳು, ಉರ್ದುವಿನಲ್ಲಿ "ಎಳ್ಕೊಳಿ, ಹಿಡ್ಕೊಳಿ, ಬಿಡಿ" ಅನ್ನುವುದು ಅವನ ಇಪ್ಪತ್ತು ವರ್ಷದ ಸಂಗೀತ. "ಒಳಗೆ ಏನೈತಣ್ಣಾ?" ಅಂತ ಯಾರೇ ಕೇಳಲಿ, ಮದುವೆ ಆಲ್ಬಮ್ ಕೊಡುವವನ ಹಾಗೆ "ಫೋಟೋ ಚೆನ್ನಾಗಿ ಬಂದೈತೆ" ಅನ್ನುತ್ತಾನೆ. ಪರದೆ ಮೇಲೆ ಏನೇ ಕಂಡರೂ ಮುಖ ಅಲ್ಲಾಡುವುದಿಲ್ಲ. ಡಾಕ್ಟರಿಗೂ ಅಷ್ಟು ಗತ್ತಿಲ್ಲ. ಮೊನ್ನೆ ಕೆ.ಆರ್. ಪುರದಿಂದ ಗಾರೆ ಕೆಲಸದ ಜಟ್ಟೆಮ್ಮ ಬಂದಳು, ಕಲಬುರಗಿ ಕಡೆಯವಳು. ಹೊಕ್ಕುಳಲ್ಲೊಂದು ಗಂಟು. ಹೊಕ್ಕುಳ ಸರಿದಿದೆಯೆಂದು ಊರಿನವರ ಕೈಲಿ ಮೂರು ತಿಂಗಳು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡಿದ್ದಳಂತೆ. "ಉಸಿರು ಹಿಡ್ಕೊಳಮ್ಮಾ" ಅಂದ ಮುನಿನಾರಾಯಣಪ್ಪ. ಪರದೆಯಲ್ಲಿ ಅಂಡಾಶಯದ ಗಡ್ಡೆ ಮೂಡಿತು. ಅದು ಹೊಟ್ಟೆ ತುಂಬ ಹರಡಿ, ಯಾರೂ ಕ್ಯಾನ್ಸರ್ ಹುಡುಕದ ಹೊಕ್ಕುಳಲ್ಲಿ ಗಂಟಾಗಿ ಬಂದು ಕೂತಿತ್ತು. ಮೈಕು ಕೈಯಲ್ಲೇ ಇತ್ತು, ಅವನು ನೋಡುತ್ತಲೇ ಇದ್ದ. ಕೊನೆಗೆ ಮಷೀನಿನ ಒಳಗಿನಿಂದ ಕಟ್ಟಿದ ದನಿಯೊಂದು ಬಂತು: "ಯಣ್ಣಾ, ಈಗ ಉಸುರು ಬಿಡ್ಲೇನ್ರಿ?"